ಹೆಸರು ಗೊತ್ತಿದ್ದವರಿಗೆ ವೆಬ್‌ಸೈಟ್, ಗೊತ್ತಿಲ್ಲದವರಿಗೆ ಬ್ಲಾಗ್

(ಶಿವಮೊಗ್ಗದಲ್ಲಿ ಸಣ್ಣ ಉದ್ದಿಮೆದಾರರ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಿನ ಭರದಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಕೊನೆಯ ಪ್ರಶ್ನೆಗಳಲ್ಲಿ ಕೆಲವನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ವ್ಯಾಪಾರಕ್ಕೆ ಬ್ಲಾಗ್ ಒಳ್ಳೆಯದಾ, ಮಾಮೂಲಿ ವೆಬ್‌ಸೈಟ್ ಒಳ್ಳೆಯದಾ ಅಂತ ಮಾತಾಡಲು ಕರೆದಿದ್ದಾರೆ. ಉತ್ತರ ಮೊದಲೇ ಹೇಳಿಬಿಡುತ್ತೇನೆ, ಮಧ್ಯದಲ್ಲಿ ಎದ್ದು ಹೋಗುವವರಿಗೆ ಅನುಕೂಲವಾಗಲಿ. ನಿಮ್ಮ ಅಂಗಡಿಯ ಹೆಸರು ಆಗಲೇ ಗೊತ್ತಿರುವವರಿಗೆ ವೆಬ್‌ಸೈಟ್ ಬೇಕು. ಹೆಸರು ಗೊತ್ತಿಲ್ಲ, ಆದರೆ ನೀವು ಮಾರುವ ಮಾಲಿನ ಬಗ್ಗೆ ತಲೆಯಲ್ಲಿ ಏನೋ ಒಂದು ಪ್ರಶ್ನೆ ಇದೆ, ಅಂಥವರು ಇರುತ್ತಾರಲ್ಲ, ಅವರನ್ನು ನಿಮ್ಮ ಹತ್ತಿರ ಕರೆತರುವುದು ಬ್ಲಾಗ್. ಇವರಿಬ್ಬರಲ್ಲಿ ನಿಮಗೆ ಯಾರು ಬೇಕು ಅಂತ ಗೊತ್ತಾದರೆ ಉಳಿದದ್ದು ಸುಲಭ.

ತಾಂತ್ರಿಕವಾಗಿ ನೋಡಿದರೆ ಎರಡಕ್ಕೂ ಈಗ ವ್ಯತ್ಯಾಸವೇ ಇಲ್ಲ. 1999ರಲ್ಲಿ ಬ್ಲಾಗರ್ ಅನ್ನುವ, ಬ್ಲಾಗ್ ಬರೆಯುವ ತಾಣ ಶುರುವಾದಾಗ ಇತ್ತು. ಬ್ಲಾಗ್ ಅಂದರೆ ತಾರೀಕು ಹಾಕಿ ಬರೆಯುವುದು, ಹೊಸದು ಮೇಲೆ, ಹಳೆಯದು ಕೆಳಗೆ. ವೆಬ್‌ಸೈಟ್ ಅಂದರೆ ಒಂದು ಸಲ ಮಾಡಿಸಿ ಬಿಟ್ಟದ್ದು. ಅದರಲ್ಲಿ ಫೋನ್ ನಂಬರ್ ತಿದ್ದಬೇಕಾದರೂ ಮಾಡಿಕೊಟ್ಟವನ ಬೆನ್ನು ಹತ್ತಬೇಕು. 2003ರಲ್ಲಿ ಬಂದ ವರ್ಡ್‌ಪ್ರೆಸ್ ಅನ್ನುವ ಸಾಫ್ಟ್‌ವೇರ್ ಕೂಡ ಬ್ಲಾಗ್ ಬರೆಯುವುದಕ್ಕೆ ಅಂತಲೇ ಹುಟ್ಟಿದ್ದು. 2005ರಲ್ಲಿ ಬಂದ ಅದರ 1.5ನೇ ಆವೃತ್ತಿಯಲ್ಲಿ 'ಪೇಜ್' ಅನ್ನುವುದು ಸೇರಿತು. ತಾರೀಕಿನ ಹಂಗಿಲ್ಲದೆ ಇದ್ದಲ್ಲೇ ಇರುವ ಪುಟ ಅದು. ಅಲ್ಲಿಂದ ಒಂದೇ ಕಡೆ 'ಪೇಜ್' ಕೂಡ ಇದೆ, 'ಪೋಸ್ಟ್', ಅಂದರೆ ತಾರೀಕು ಹಾಕಿದ ಬ್ಲಾಗ್ ಬರಹ, ಕೂಡ ಇದೆ. ನಿಮ್ಮ ಸೈಟ್ ವರ್ಡ್‌ಪ್ರೆಸ್‌ನಲ್ಲಿದ್ದರೆ ಬ್ಲಾಗ್ ಆಗಲೇ ಅದರೊಳಗಿದೆ. "ಬ್ಲಾಗ್ ಸೇರಿಸೋಕೆ ಬೇರೆ ಚಾರ್ಜ್ ಆಗುತ್ತೆ ಸಾರ್" ಅಂತ ಯಾರಾದರೂ ಅಂದರೆ, ಯಾವುದಕ್ಕೆ ಅಂತ ಸ್ವಲ್ಪ ಬಿಡಿಸಿ ಕೇಳಿ.

ಹಾಗಾಗಿ ಯಾವ ಸಾಫ್ಟ್‌ವೇರ್ ಅನ್ನುವುದು ಇಲ್ಲಿ ದೊಡ್ಡ ವಿಷಯವಲ್ಲ. ಒಂದು ಸಲ ಬರೆದು ಇಟ್ಟದ್ದಕ್ಕೂ ಆಗಾಗ ಬರೆಯುವುದಕ್ಕೂ ಕೆಲಸ ಬೇರೆ ಬೇರೆ. ಅದನ್ನೇ ನೋಡೋಣ.

ನಮ್ಮ ಊರುಗಳ ಸಣ್ಣ ಕಂಪನಿಗಳ ವೆಬ್‌ಸೈಟ್ ತೆರೆದು ನೋಡಿ. ಮೇಲೆ ಮೂರು ಚಿತ್ರ ಒಂದರ ಹಿಂದೆ ಒಂದು ಜಾರುತ್ತಾ ಇರುತ್ತವೆ. ಅದರಲ್ಲಿ ಒಂದು, ಸೂಟು ಹಾಕಿದ ಇಬ್ಬರು ವಿದೇಶಿಯರು ಕೈ ಕುಲುಕುವ ಚಿತ್ರ. ಕೆಳಗೆ 'ನಮ್ಮ ಧ್ಯೇಯ', 'ನಮ್ಮ ದೃಷ್ಟಿ', 'ಗುಣಮಟ್ಟವೇ ನಮ್ಮ ಗುರಿ'. ಬಲಗಡೆ 'ಇತ್ತೀಚಿನ ಸುದ್ದಿ' ಅಂತ ಒಂದು ಡಬ್ಬಿ. ಅದರೊಳಗೆ ಐದು ವರ್ಷದ ಹಿಂದಿನ ಆಯುಧ ಪೂಜೆಯ ಶುಭಾಶಯ. ಗಿರಾಕಿಗೆ ಬೇಕಾದ ಫೋನ್ ನಂಬರ್ ಮಾತ್ರ 'ಸಂಪರ್ಕಿಸಿ' ಅನ್ನುವುದರ ಒಳಗೆ ಹೋಗಿ, ಫಾರಂ ತುಂಬಿದರೆ... ಅಲ್ಲೂ ಇಲ್ಲ!

ವೆಬ್‌ಸೈಟ್‌ನಿಂದ ಆಗಬೇಕಾದದ್ದು ಇಷ್ಟೇ. ಯಾರೋ ನಿಮ್ಮ ಹೆಸರು ಕೇಳಿದ್ದಾರೆ. ಇವರು ನಿಜವಾಗಿ ಇದ್ದಾರಾ, ಎಲ್ಲಿದ್ದಾರೆ, ಏನು ಮಾರುತ್ತಾರೆ, ದುಡ್ಡು ಕಳಿಸಿದರೆ ಮಾಲು ಬರುತ್ತಾ ಅಂತ ನೋಡೋಕೆ ಬರುತ್ತಾರೆ. ಅವರಿಗೆ ವಿಳಾಸ, ಮ್ಯಾಪ್, ಫೋನ್, ಜಿಎಸ್‌ಟಿ ನಂಬರ್, ತಿನ್ನುವ ವಸ್ತುವಾದರೆ ಆಹಾರ ಸುರಕ್ಷತೆ ನೋಡುವ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಲೈಸೆನ್ಸ್ ನಂಬರ್, ನಿಮ್ಮದೇ ಜಾಗದ ನಿಮ್ಮದೇ ಫೋಟೋ ಸಾಕು. ಆನ್‌ಲೈನ್‌ನಲ್ಲಿ ಮಾರುತ್ತೀರಾದರೆ ಇನ್ನೊಂದಷ್ಟು ಕಡ್ಡಾಯ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ವ್ಯಾಪಾರದ ಕಾನೂನುಬದ್ಧ ಹೆಸರು, ವಿಳಾಸ, ದೂರು ಕೇಳುವ ಅಧಿಕಾರಿಯ ಹೆಸರು ಇವೆಲ್ಲ ಕಾಣಬೇಕು. ಪೇಮೆಂಟ್ ಗೇಟ್‌ವೇ, ಅಂದರೆ ಸೈಟ್‌ನಲ್ಲೇ ದುಡ್ಡು ಕಟ್ಟುವ ವ್ಯವಸ್ಥೆ, ಕೊಡುವವರೂ ಖಾತೆ ಚಾಲೂ ಮಾಡುವ ಮೊದಲು ರೀಫಂಡ್ ಪುಟ, ಷರತ್ತುಗಳ ಪುಟ, ಸಂಪರ್ಕದ ಪುಟ ಇದೆಯಾ ಅಂತ ನೋಡುತ್ತಾರೆ. ಇದ್ಯಾವುದನ್ನೂ ಬ್ಲಾಗ್ ಪೋಸ್ಟ್‌ನಲ್ಲಿ ಬರೆದು ಪ್ರಯೋಜನ ಇಲ್ಲ. ಇವೆಲ್ಲ ಪೇಜ್‌ಗಳೇ. ಐದಾರು ಪುಟದಲ್ಲಿ ಮುಗಿಯುತ್ತದೆ. ಇದಕ್ಕೆ ದೊಡ್ಡ ಬಜೆಟ್ ಇಡಬೇಡಿ.

ಆದರೆ ಈ ಐದಾರು ಪುಟ ನೋಡೋಕೆ ಹೊಸಬರು ಯಾಕೆ ಬರುತ್ತಾರೆ? ನಿಮ್ಮ ಹೆಸರೇ ಗೊತ್ತಿಲ್ಲದವರು ಅದನ್ನು ಹೇಗೆ ಹುಡುಕುತ್ತಾರೆ? ಅವರು ಹುಡುಕುವುದು ಬೇರೆಯದನ್ನೇ.

ಚಿಕ್ಕಮಗಳೂರು ಕಡೆ ಕಾಫಿ ಪುಡಿ ಮಾಡಿ ಕೊರಿಯರ್‌ನಲ್ಲಿ ಕಳಿಸುವ ಒಬ್ಬರ ಅಂಗಡಿಯಲ್ಲಿ ಒಂದು ಬೆಳಿಗ್ಗೆ ಕೂತಿದ್ದೆ. ಫೋನ್ ಮೇಲೆ ಫೋನ್. ಆರ್ಡರ್ ಅಂದುಕೊಂಡರೆ ಅರ್ಧಕ್ಕರ್ಧ ಬರೀ ಪ್ರಶ್ನೆಗಳು. "ಡಿಕಾಕ್ಷನ್ ಇಳೀತಾನೇ ಇಲ್ಲ ಸಾರ್." "ಚಿಕೋರಿ ಎಷ್ಟು ಹಾಕಿಸ್ಲಿ?" "ಪೀಬೆರಿ ತಗೊಳ್ಳೋದಾ, ಪ್ಲಾಂಟೇಶನ್ ಎ ತಗೊಳ್ಳೋದಾ?" (ಎರಡೂ ಕಾಫಿ ಬೀಜದ ದರ್ಜೆಗಳು.) ಯಜಮಾನರು ಪುಡಿ ತೂಗುತ್ತಾ, ಫೋನನ್ನು ಭುಜಕ್ಕೆ ಒತ್ತಿಕೊಂಡು, ಒಂದೊಂದಕ್ಕೂ ಸಮಾಧಾನವಾಗಿ ಉತ್ತರ ಹೇಳುತ್ತಿದ್ದರು. "ಪುಡಿನ ಜೋರಾಗಿ ಒತ್ತಿದ್ರಾ ಅಮ್ಮ? ಸುಮ್ನೆ ಸಮ ಮಾಡಿ ಬಿಡಿ, ಒತ್ತಬೇಡಿ. ಮನೇಲಿ ಮಿಕ್ಸಿಗೆ ಹಾಕಿದ್ರಾ? ನುಣ್ಣಗಾದ್ರೆ ಕಟ್ಕೊಳುತ್ತೆ. ಫಿಲ್ಟರ್ ಹಳೇದಾ? ಮೇಲಿನ ಬಟ್ಟಲನ್ನ ಚಿಮಟಾದಲ್ಲಿ ಹಿಡಿದು ಗ್ಯಾಸ್ ಉರಿ ಮೇಲೆ ಒಂದು ನಿಮಿಷ ಕಾಯಿಸಿ, ತೂತಲ್ಲಿ ಸಿಕ್ಕಿರೋ ಪುಡಿ ಸುಟ್ಟು ಹೋಗುತ್ತೆ. ತಣ್ಣಗಾದ ಮೇಲೆ ತೊಳೀರಿ."

ಇಂಥ ಉತ್ತರ ಅವರ ವೆಬ್‌ಸೈಟ್‌ನಲ್ಲಿ ಒಂದೂ ಇರಲಿಲ್ಲ. ಅಲ್ಲಿ ಇದ್ದದ್ದು 'ಅತ್ಯುತ್ತಮ ಗುಣಮಟ್ಟದ ಕಾಫಿ ಪುಡಿ'. ಪುಣೆಯಲ್ಲೋ ಡಲ್ಲಾಸ್‌ನಲ್ಲೋ ಬೆಳಿಗ್ಗೆ ಏಳು ಗಂಟೆಗೆ ಫಿಲ್ಟರ್ ಮುಂದೆ ನಿಂತು, ಯಾಕೆ ಇಳೀತಿಲ್ಲ ಅಂತ ಫೋನಿನಲ್ಲಿ ಹುಡುಕುತ್ತಿರುವ ಹೆಣ್ಣುಮಗಳಿಗೆ ಇವರ ಹೆಸರು ಗೊತ್ತಿಲ್ಲ. ಆದರೆ ಇವರ ಉತ್ತರ ಬೇಕು. ಉತ್ತರ ಕೊಟ್ಟವರು ಪುಡಿಯನ್ನೂ ಮಾರುತ್ತಾರೆ ಅಂತ ಅಲ್ಲೇ ಗೊತ್ತಾದರೆ ಮುಂದಿನ ತಿಂಗಳು ಅರ್ಧ ಕೇಜಿ ತರಿಸಿ ನೋಡುತ್ತಾಳೆ. ಚಿಕೋರಿ ಪ್ರಶ್ನೆಯೂ ಹಾಗೇ. ನಮ್ಮ ದೇಶದ ನಿಯಮದಲ್ಲಿ ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಕಡಿಮೆ ಅಂದರೆ ನೂರಕ್ಕೆ 51 ಭಾಗ ಇರಬೇಕು, ಎರಡರ ಪ್ರಮಾಣವನ್ನೂ ಪ್ಯಾಕೆಟ್ ಮೇಲೆ ಬರೆಯಬೇಕು. ಇದು ಎಷ್ಟು ಜನಕ್ಕೆ ಗೊತ್ತು? ಚಿಕೋರಿ ಜಾಸ್ತಿಯಾದರೆ ಡಿಕಾಕ್ಷನ್ ಗಟ್ಟಿ, ಬಣ್ಣ ಕಪ್ಪು, ಪರಿಮಳ ಕಮ್ಮಿ. 80:20 ಯಾರಿಗೆ ಹಿಡಿಸುತ್ತೆ, 60:40 ಯಾರಿಗೆ, ಮನೆಯಲ್ಲಿ ಹಾಲು ಎಷ್ಟು ಹಾಕುವವರಿಗೆ ಯಾವುದು, ಇದನ್ನು ಆ ಯಜಮಾನರಷ್ಟು ಚೆನ್ನಾಗಿ ಬೇರೆ ಯಾರು ಹೇಳಬಲ್ಲರು? ಬ್ಲಾಗ್‌ಗೆ ವಿಷಯ ಎಲ್ಲಿಂದ ತರೋದು ಅಂತ ಕೇಳುವವರಿಗೆ ನಾನು ಹೇಳುವುದು ಇಷ್ಟೇ: ನಿಮ್ಮ ಫೋನ್ ರೆಕಾರ್ಡ್ ಮಾಡಿಕೊಳ್ಳಿ. ನಿಮ್ಮ ಕಡೆಯ ಮಾತು ಸಾಕು.

ಹೋಂಸ್ಟೇಯವರು ಕೆಲವರು ಇಲ್ಲಿದ್ದೀರಿ. ನಿಮ್ಮ ವಾಟ್ಸ್ಆ್ಯಪ್‌ನಲ್ಲಿ ಬರುವುದೂ ಇಂಥದ್ದೇ ಅಲ್ವಾ? ಜಿಗಣೆ ಇರುತ್ತಾ? ಕಾರು ಮನೆ ತನಕ ಬರುತ್ತಾ? ಜಿಯೋ ಸಿಗುತ್ತಾ? ಚಾರ್ಮಾಡಿ ಘಾಟಿ ಓಪನ್ ಇದೆಯಾ? 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಚಾರ್ಮಾಡಿ ಬಂದ್ ಆದಾಗಿನಿಂದ ಪ್ರತಿ ಮಳೆಗಾಲ ಈ ಪ್ರಶ್ನೆ ತಪ್ಪಿದ್ದಲ್ಲ. ಕೆಲವು ಪ್ರಶ್ನೆಗೆ ಉತ್ತರ ವರ್ಷವಿಡೀ ಒಂದೇ. ಕಾರು ಬರುತ್ತಾ ಅನ್ನುವುದು ಅಂಥದ್ದು, ಅದನ್ನು ಪೇಜ್‌ನಲ್ಲಿ ಬರೆದು ಬಿಡಿ. ಕೆಲವಕ್ಕೆ ಉತ್ತರ ವಾರವಾರಕ್ಕೂ ಬದಲಾಗುತ್ತದೆ. ಕಾಫಿ ಹೂವು ಯಾವಾಗ ನೋಡಬಹುದು ಅಂತ ಬೆಂಗಳೂರಿನವರು ಕೇಳುತ್ತಾರೆ. ಮಾರ್ಚ್-ಏಪ್ರಿಲ್ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಹೂಮಳೆ ಬಿದ್ದು ವಾರ ಹತ್ತು ದಿನಕ್ಕೆ ಹೂ ಅರಳಿ, ಮೂರ್ನಾಲ್ಕು ದಿನದಲ್ಲಿ ಬಾಡಿಯೂ ಹೋಗುತ್ತದೆ. "ಮೊನ್ನೆ ರಾತ್ರಿ ನಮ್ಮಲ್ಲಿ ಒಳ್ಳೇ ಹೂಮಳೆ ಆಯ್ತು, ಮುಂದಿನ ಶನಿವಾರದ ಹೊತ್ತಿಗೆ ತೋಟ ಬೆಳ್ಳಗಾಗುತ್ತೆ" ಅಂತ ತಾರೀಕು ಹಾಕಿ ಎರಡು ಸಾಲು, ಮೊಗ್ಗಿನ ಒಂದು ಫೋಟೋ. ತಾರೀಕಿಲ್ಲದ ಪುಟ ಈ ಕೆಲಸ ಮಾಡಲಾರದು.

ಹೊರಗಿನ ಒಂದು ಉದಾಹರಣೆ ಹೇಳುತ್ತೇನೆ, ಈ ವಿಷಯದಲ್ಲಿ ಎಲ್ಲರೂ ಹೇಳುವ ಉದಾಹರಣೆ. ಬೇರೆ ಹುಡುಕಿದೆ, ಇಷ್ಟು ಸ್ಪಷ್ಟವಾದದ್ದು ಸಿಗಲಿಲ್ಲ. ಅಮೆರಿಕದ ವರ್ಜೀನಿಯಾದಲ್ಲಿ ರಿವರ್ ಪೂಲ್ಸ್ ಅಂತ ಒಂದು ಕಂಪನಿ, ಮನೆ ಹಿತ್ತಲಲ್ಲಿ ಫೈಬರ್‌ಗ್ಲಾಸ್ ಈಜುಕೊಳ ಹಾಕಿಕೊಡುವವರು. 2008ರಲ್ಲಿ ಅಲ್ಲಿ ಮನೆ ಸಾಲದ ಬಿಕ್ಕಟ್ಟು ಬಂದಾಗ ಈಜುಕೊಳ ಯಾರಿಗೆ ಬೇಕು? ಕಂಪನಿ ಮುಳುಗುವ ಹಂತಕ್ಕೆ ಬಂತು. ಪಾಲುದಾರರಲ್ಲಿ ಒಬ್ಬರಾದ ಮಾರ್ಕಸ್ ಶೆರಿಡನ್ ರಾತ್ರಿ ಕೂತು ಗಿರಾಕಿಗಳು ಕೇಳುವ ಪ್ರಶ್ನೆಗಳಿಗೆಲ್ಲ ಸೈಟ್‌ನಲ್ಲಿ ಉತ್ತರ ಬರೆಯೋಕೆ ಶುರುಮಾಡಿದರು. ಮೊದಲ ಪ್ರಶ್ನೆ, "ಇದಕ್ಕೆ ಎಷ್ಟಾಗುತ್ತೆ?" ಆ ಧಂದೆಯಲ್ಲಿ ರೇಟು ಬಾಯಿಬಿಡುವವರೇ ಇರಲಿಲ್ಲ. ಇವರು ಬರೆದರು: ಸೈಜ್ ಇಷ್ಟಾದರೆ ಇಷ್ಟರಿಂದ ಇಷ್ಟು, ಯಾಕೆ ಏರುತ್ತೆ, ಯಾಕೆ ಇಳಿಯುತ್ತೆ. ಫೈಬರ್‌ಗ್ಲಾಸ್ ಕೊಳದ ತೊಂದರೆಗಳೇನು ಅಂತಲೂ ಬರೆದರು, ಅದನ್ನೇ ಮಾರುವವರಾಗಿ! ತಮ್ಮ ಊರಿನ ಸುತ್ತಮುತ್ತ ಈ ಕೆಲಸ ಮಾಡುವ ಬೇರೆ ಒಳ್ಳೆಯವರು ಯಾರು ಅಂತಲೂ ಬರೆದರು. ರೇಟಿನ ಆ ಒಂದು ಬರಹದಿಂದಲೇ ಹತ್ತು ಲಕ್ಷ ಡಾಲರ್‌ಗೂ ಮೀರಿದ ವ್ಯಾಪಾರ ಬಂತು ಅಂತ ಅವರು ಲೆಕ್ಕ ಹೇಳುತ್ತಾರೆ. ರೇಡಿಯೋ, ಟಿವಿ ಜಾಹೀರಾತಿಗೆ ಸುರಿಯುತ್ತಿದ್ದ ದುಡ್ಡಿನಲ್ಲಿ ಬಹುಪಾಲು ಉಳಿಯಿತು.

ನಮ್ಮ ಬೆಂಗಳೂರಿನ ಜೆರೋಧಾ ಕೂಡ ಇದೇ ದಾರಿ. 2010ರಲ್ಲಿ ಶುರುವಾದ ಷೇರು ಬ್ರೋಕರ್ ಕಂಪನಿ. ಜಾಹೀರಾತಿಗೆ ದುಡ್ಡು ಹಾಕುವುದಿಲ್ಲ ಅಂತ ಅದನ್ನು ಕಟ್ಟಿದ ನಿತಿನ್ ಕಾಮತ್ ಮತ್ತೆ ಮತ್ತೆ ಹೇಳಿದ್ದಾರೆ. ಅದರ ಬದಲು ಝೆಡ್-ಕನೆಕ್ಟ್ ಅನ್ನುವ ಬ್ಲಾಗ್, ಷೇರು ಪೇಟೆಯನ್ನು ಅಆಇಈಯಿಂದ ಕಲಿಸುವ ವಾರ್ಸಿಟಿ, ಎರಡೂ ಪುಕ್ಕಟೆ. ಫ್ಯೂಚರ್ಸ್ ಅಂದರೇನು ಅಂತ ಹುಡುಕಿದ ಹುಡುಗ ಅಲ್ಲಿ ಓದಿ, ಅಲ್ಲೇ ಖಾತೆ ತೆರೆದ. ಅವರು ದೊಡ್ಡವರಾದರು, ಬರೆಯಲಿಕ್ಕೇ ಜನ ಇಟ್ಟರು, ಅದು ನಿಮಗೆ ಆಗದು. ಅದಕ್ಕೇ ನಾನು ಈಜುಕೊಳದವರ ಕಥೆಗೆ ಜಾಸ್ತಿ ಹೊತ್ತು ಕೊಟ್ಟೆ. ಅವರು ನಿಮ್ಮ ಹಾಗೇ ಮೂರ್ನಾಲ್ಕು ಜನ ಸೇರಿ ನಡೆಸುತ್ತಿದ್ದ ಸಣ್ಣ ಕಂಪನಿ.

ಇನ್ನು ನಿಮ್ಮಲ್ಲಿ ತುಂಬ ಜನಕ್ಕೆ ಸಂಬಂಧಪಟ್ಟ ವಿಷಯ, ಹಾಳೆ ತಟ್ಟೆ. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅಡಿಕೆ ಹಾಳೆಯ ತಟ್ಟೆಗಳಿಗೆ ಆಕ್ಷೇಪ ಎತ್ತಿತು. ಅಡಿಕೆಯಲ್ಲಿರುವ ಅರೆಕೋಲಿನ್‌ನಂಥ ಅಂಶಗಳು ಹಾಳೆಯಿಂದ ಊಟಕ್ಕೆ ಇಳಿಯಬಹುದು ಅನ್ನುವುದು ಅವರ ವಾದ. ಮರುದಿನದಿಂದ ಅಮೆರಿಕದವರು ಮಾತ್ರವಲ್ಲ, ಬೇರೆ ಕಡೆಯ ಗಿರಾಕಿಗಳೂ, ಬೆಂಗಳೂರಿನ ಕೇಟರಿಂಗ್‌ನವರೂ ಕೇಳೋಕೆ ಶುರುಮಾಡಿದರು. ಆ ವಾರ ಹಾಳೆ ತಟ್ಟೆ ಮಾಡುವವರ ಸೈಟ್‌ಗಳನ್ನು ಒಂದಿಷ್ಟು ತೆರೆದು ನೋಡಿದೆ. ನಾನು ನೋಡಿದ ಕಡೆಯೆಲ್ಲ 'ನೂರಕ್ಕೆ ನೂರು ನೈಸರ್ಗಿಕ, ಪರಿಸರ ಸ್ನೇಹಿ', ಅಷ್ಟೇ. ಗಿರಾಕಿಯ ತಲೆಯಲ್ಲಿ ಕೊರೆಯುತ್ತಿರುವುದು ಒಂದು, ಸೈಟ್ ಹಾಡುತ್ತಿರುವುದು ಇನ್ನೊಂದು. "ಇಂಥ ಸುದ್ದಿ ಬಂದಿದೆ, ಎಫ್‌ಡಿಎ ಹೇಳಿರುವುದು ಇದು, ನಮ್ಮ ತಟ್ಟೆಗೆ ಇಂಥ ಲ್ಯಾಬ್‌ನಲ್ಲಿ ಇಂಥ ಪರೀಕ್ಷೆ ಆಗಿದೆ, ರಿಪೋರ್ಟ್ ಇಲ್ಲಿದೆ, ಈ ಪರೀಕ್ಷೆ ಇನ್ನೂ ಆಗಿಲ್ಲ" ಅಂತ ಒಂದು ಪೋಸ್ಟ್ ಇದ್ದಿದ್ದರೆ? 'ಇನ್ನೂ ಆಗಿಲ್ಲ' ಅನ್ನುವುದನ್ನೂ ಬರೆಯಬೇಕು. ಕೇಳುತ್ತಿರುವವನು ಹತ್ತು ಕಂಟೇನರ್ ತೆಗೆದುಕೊಳ್ಳುವವನು, ಅವನಿಗೆ ಜಾಹೀರಾತಿನ ಮಾತು ಯಾವುದು, ಒಳಗಿನ ಮಾತು ಯಾವುದು ಅಂತ ಗೊತ್ತಾಗುತ್ತೆ.

ಇಷ್ಟು ಕೇಳಿ ಎಲ್ಲರೂ ಬ್ಲಾಗ್ ಶುರುಮಾಡಿ ಅಂತ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ತುಂಬ ಜನಕ್ಕೆ ಬೇಡ. ನಿಮ್ಮದು ಆಟೋ ಬಿಡಿಭಾಗ ಮಾಡುವ ಶೆಡ್ಡು, ಮೂರೇ ಕಂಪನಿಗೆ ಮಾಲು ಕೊಡುತ್ತೀರಿ ಅಂದರೆ ಬ್ಲಾಗ್ ಯಾರು ಓದಬೇಕು? ಮಿಷನ್‌ಗಳ ಪಟ್ಟಿ, ಯಾವ ಅಳತೆ ತನಕ ಕೆಲಸ ಆಗುತ್ತೆ, ಯಾವ ಸರ್ಟಿಫಿಕೇಟ್ ಇದೆ, ಫ್ಯಾಕ್ಟರಿಯ ನಾಲ್ಕು ಫೋಟೋ ಹಾಕಿ. ಪರ್ಚೇಸ್‌ನವರಿಗೆ ಬೇಕಾದದ್ದು ಅದೇ. ಪೇಟೆಯ ದರ್ಶಿನಿ ಹೋಟೆಲ್‌ಗೂ ಬೇಡ. ಅದಕ್ಕೆ ವೆಬ್‌ಸೈಟೇ ಅನುಮಾನ, ಗೂಗಲ್ ಮ್ಯಾಪ್‌ನಲ್ಲಿ ಸಮಯ, ಫೋಟೋ ಸರಿಯಾಗಿದ್ದರೆ ಸಾಕು. ಬರೆಯುವವರು ಮನೆಯಲ್ಲಿ ಯಾರೂ ಇಲ್ಲ ಅಂದರೂ ಬೇಡ. ತಿಂಗಳಿಗೆ ಹತ್ತು ಪೋಸ್ಟ್ ಬರೆದುಕೊಡುತ್ತೇವೆ ಅಂತ ಪ್ಯಾಕೇಜ್ ಮಾರುವವರಿದ್ದಾರೆ. 'ಕಾಫಿಯ ಹತ್ತು ಲಾಭಗಳು', 'ಮಲೆನಾಡಿನಲ್ಲಿ ನೋಡಲೇಬೇಕಾದ ಜಾಗಗಳು'. ಕಾಫಿ ಬೀಜ ಮುಟ್ಟದವರು ಬರೆದದ್ದು, ಓದಿದ ತಕ್ಷಣ ಗೊತ್ತಾಗುತ್ತೆ. ಮತ್ತೆ ಮೂರು ಪೋಸ್ಟ್ ಹಾಕಿ ನಿಂತುಹೋದ ಬ್ಲಾಗ್ ಇದೆಯಲ್ಲ, ಅದು ಇಲ್ಲದೆ ಇರುವುದೇ ವಾಸಿ. ಕೊನೆಯ ತಾರೀಕು 2021 ಅಂತ ಇದ್ದರೆ ಅಂಗಡಿ ಮುಚ್ಚಿದೆಯೇನೋ ಅನ್ನಿಸುತ್ತೆ. ಅಷ್ಟಕ್ಕೇ ನಿಂತಿದ್ದರೆ ಅವನ್ನು 'ಪದೇ ಪದೇ ಕೇಳುವ ಪ್ರಶ್ನೆಗಳು' ಅಂತ ತಾರೀಕಿಲ್ಲದ ಒಂದು ಪೇಜ್ ಮಾಡಿಬಿಡಿ. ಬ್ಲಾಗ್‌ನ ಅರ್ಧ ಲಾಭ ಅದರಲ್ಲೇ ಸಿಗುತ್ತೆ.

"ಅದಕ್ಕೆಲ್ಲ ಇನ್‌ಸ್ಟಾಗ್ರಾಂ ಇದೆಯಲ್ಲ" ಅಂತ ಮುಂದೆ ಕೂತವರು ಆಗಲೇ ಅಂದರು. ಇರಲಿ, ಹಾಕಿ. ನಾನು ಬೇಡ ಅನ್ನಲ್ಲ. ಆದರೆ ಅದು ಬಾಡಿಗೆ ಮಳಿಗೆ ಅಂತ ನೆನಪಿರಲಿ. ಟಿಕ್‌ಟಾಕ್‌ನಲ್ಲಿ ಲಕ್ಷ ಜನ ಫಾಲೋವರ್ಸ್ ಇದ್ದವರಿಗೆ 2020ರ ಜೂನ್ 29ರಂದು ಬ್ಯಾನ್ ಸುದ್ದಿ ಬಂತು, ಎಲ್ಲ ಮುಗಿಯಿತು. ಅದು ಸರ್ಕಾರದ ತೀರ್ಮಾನ ಅನ್ನಿ. ಗೂಗಲ್‌ನವರೇ ಸಣ್ಣ ವ್ಯಾಪಾರಸ್ಥರಿಗೆ ಅಂತ ಪುಕ್ಕಟೆ ಸೈಟ್ ಕೊಡುತ್ತಿದ್ದರು, ಕೊನೆಯಲ್ಲಿ 'ಬಿಸಿನೆಸ್ ಡಾಟ್ ಸೈಟ್' ಅಂತ ಬರುವ ವಿಳಾಸ. ಮ್ಯಾಪ್‌ನಲ್ಲಿ ಅಂಗಡಿ ಸೇರಿಸಿ ನಾಲ್ಕು ಬಟನ್ ಒತ್ತಿದರೆ ರೆಡಿ. ಎಷ್ಟೋ ಜನ ಮಾಡಿಕೊಂಡಿದ್ದರು. 2024ರ ಮಾರ್ಚ್‌ನಲ್ಲಿ ಅವನ್ನೆಲ್ಲ ನಿಲ್ಲಿಸಿದರು. ಜೂನ್ 10ರ ತನಕ ಆ ವಿಳಾಸ ಒತ್ತಿದರೆ ಮ್ಯಾಪ್‌ನ ಪ್ರೊಫೈಲ್‌ಗೆ ಕರೆದುಕೊಂಡು ಹೋಗುತ್ತಿತ್ತು, ಆಮೇಲೆ ಅದೂ ಇಲ್ಲ. ವಿಸಿಟಿಂಗ್ ಕಾರ್ಡ್, ಬಿಲ್ ಬುಕ್, ಬಟ್ಟೆ ಚೀಲ, ಎಲ್ಲದರ ಮೇಲೂ ಅಚ್ಚಾಗಿದ್ದ ವಿಳಾಸ ವ್ಯರ್ಥ.

ಹಾಗಾಗಿ ಡೊಮೈನ್, ಅಂದರೆ ಸೈಟ್‌ನ ವಿಳಾಸ, ನಿಮ್ಮದೇ ಇರಲಿ. ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸು. ಅದನ್ನು ನಿಮ್ಮ ಹೆಸರಲ್ಲಿ, ನಿಮ್ಮ ಇಮೇಲ್‌ನಲ್ಲಿ ತೆಗೆದುಕೊಳ್ಳಿ. ಸೈಟ್ ಮಾಡಿಕೊಟ್ಟವನ ಹೆಸರಲ್ಲಿ ಬೇಡ. ಅವನು ಬೇರೆ ಕೆಲಸ ಸಿಕ್ಕಿ ಹೈದರಾಬಾದಿಗೆ ಹೋದ, ನವೀಕರಿಸಲಿಲ್ಲ, ಡೊಮೈನ್ ಬೇರೆ ಯಾರೋ ತೆಗೆದುಕೊಂಡರು. ಇಂಥದ್ದು ಎಷ್ಟು ನೋಡಿದ್ದೇನೋ. ವಿಳಾಸ ನಿಮ್ಮದಾಗಿದ್ದರೆ ಒಳಗಿನ ಸಾಮಾನನ್ನು ಬ್ಲಾಗರ್‌ನಿಂದ ವರ್ಡ್‌ಪ್ರೆಸ್‌ಗೆ, ವರ್ಡ್‌ಪ್ರೆಸ್‌ನಿಂದ ಇನ್ನೊಂದಕ್ಕೆ ಸಾಗಿಸಬಹುದು.

ಒಂದಿಷ್ಟು ಪ್ರಶ್ನೆಗಳು ಬಂದವು.

*ಎಐ ಬಂದ ಮೇಲೆ ಗೂಗಲ್ ತಾನೇ ಮೇಲ್ಗಡೆ ಉತ್ತರ ಕೊಡುತ್ತೆ, ನಮ್ಮ ಸೈಟ್‌ಗೆ ಯಾರು ಬರುತ್ತಾರೆ?*

ನಿಜ. 2024ರ ಆಗಸ್ಟ್‌ನಿಂದ ನಮ್ಮ ದೇಶದಲ್ಲೂ ಗೂಗಲ್ ಹುಡುಕಾಟದ ಮೇಲ್ಗಡೆ ಎಐ ಬರೆದ ಉತ್ತರ ಬರುತ್ತಿದೆ. ಜನ ಅಲ್ಲೇ ಓದಿ ಮುಗಿಸುತ್ತಾರೆ. ಎಲ್ಲರಿಗೂ ಗೊತ್ತಿರುವುದನ್ನೇ ಬರೆದವರಿಗೆ ಪೆಟ್ಟು ಬಿದ್ದೇ ಬೀಳುತ್ತೆ. ಕಾಫಿಯ ಹತ್ತು ಲಾಭ ಹೇಳೋಕೆ ನೀವು ಬೇಕಾಗಿಲ್ಲ. ಆದರೆ ಈ ವರ್ಷ ನಿಮ್ಮ ತೋಟದಲ್ಲಿ ಹೂಮಳೆ ಯಾವತ್ತು ಬಿತ್ತು, ಈ ಸಲದ ಬ್ಯಾಡಗಿ ಮೆಣಸಿನಕಾಯಿಯಲ್ಲಿ ಡಬ್ಬಿ ತಳಿ ಹೇಗಿದೆ, ಕಡ್ಡಿ ತಳಿ ಹೇಗಿದೆ ಅಂತ ಯಾವ ಎಐಗೂ ತಾನಾಗಿ ಗೊತ್ತಾಗಲ್ಲ, ನೀವು ಬರೆದರೆ ಅದೂ ನಿಮ್ಮಿಂದಲೇ ಎತ್ತಿಕೊಳ್ಳಬೇಕು. ಓದುಗರ ಸಂಖ್ಯೆ ಇಳಿಯುತ್ತೆ. ಕೊಳ್ಳುವವರ ಸಂಖ್ಯೆ ಅಷ್ಟೇನೂ ಇಳಿಯಲ್ಲ ಅಂತ ನನ್ನ ಅಂದಾಜು.

*ಕನ್ನಡದಲ್ಲಿ ಬರೆಯಬೇಕಾ, ಇಂಗ್ಲಿಷಿನಲ್ಲಾ?*

ಗಿರಾಕಿ ಫೋನ್‌ನಲ್ಲಿ ಯಾವ ಭಾಷೆಯಲ್ಲಿ ಕೇಳುತ್ತಾನೋ ಅದರಲ್ಲಿ. ತಟ್ಟೆ ಜರ್ಮನಿಗೆ ಹೋಗುವುದಾದರೆ ಇಂಗ್ಲಿಷ್. ಸ್ಪ್ರೇಯರ್, ಸಸಿ, ಗೊಬ್ಬರ ಮಾರುವವರಾದರೆ ಕನ್ನಡವೇ. ಗೂಗಲ್‌ಗೆ ಕನ್ನಡದಲ್ಲಿ ಮಾತಾಡಿ ಹುಡುಕುವ ಸೌಲಭ್ಯ 2017ರಿಂದ ಇದೆ, ರೈತರು ಟೈಪ್ ಮಾಡಲ್ಲ, ಫೋನಿಗೆ ಮಾತಾಡುತ್ತಾರೆ. ಕನ್ನಡದಲ್ಲಿ ಇಂಥ ಬರಹ ಕಮ್ಮಿ ಇರುವುದರಿಂದ ಪೈಪೋಟಿಯೂ ಕಮ್ಮಿ. ಒಂದೇ ಮಾತು: ಯೂನಿಕೋಡ್‌ನಲ್ಲೇ, ಅಂದರೆ ಎಲ್ಲ ಫೋನು, ಕಂಪ್ಯೂಟರ್‌ಗೂ ತಿಳಿಯುವ ಅಕ್ಷರ ಪದ್ಧತಿಯಲ್ಲೇ, ಟೈಪ್ ಮಾಡಿ. ಡಿಟಿಪಿ ಅಂಗಡಿಯಲ್ಲಿ 'ನುಡಿ' ತಂತ್ರಾಂಶದ ಹಳೇ ಫಾಂಟ್‌ನಲ್ಲಿ ಮಾಡಿಸಿದ್ದನ್ನು ಹಾಗೇ ಅಂಟಿಸಿದರೆ ಗೂಗಲ್‌ಗೆ ಅದು ಕನ್ನಡ ಅಂತಲೇ ಗೊತ್ತಾಗಲ್ಲ, ಇಂಗ್ಲಿಷ್ ಅಕ್ಷರದ ಕಲಸುಮೇಲೋಗರ ಕಾಣುತ್ತೆ. ಇಡೀ ಮಾತನ್ನು ಪೋಸ್ಟರ್ ಮಾಡಿ ಚಿತ್ರವಾಗಿ ಹಾಕಿದರೂ ಹುಡುಕುವವರ ಕೈಗೆ ಸಿಗುವುದು ಕಷ್ಟ.

*ರೇಟು ಬರೆದರೆ ಪಕ್ಕದ ಅಂಗಡಿಯವನು ಐದು ರೂಪಾಯಿ ಕಮ್ಮಿ ಹಾಕ್ತಾನಲ್ಲ?*

ಅವನಿಗೆ ನಿಮ್ಮ ರೇಟು ಈಗಲೂ ಗೊತ್ತು. ಅವನ ಭಾಮೈದನ ಕೈಲಿ ಫೋನ್ ಮಾಡಿಸಿ ಕೇಳಿರುತ್ತಾನೆ. (ನಗು.) ಗೊತ್ತಿಲ್ಲದೆ ಇರುವುದು ಗಿರಾಕಿಗೆ ಮಾತ್ರ. ಕಾಫಿ, ಮೆಣಸು, ಅಡಿಕೆ, ಇವುಗಳ ರೇಟು ದಿನಕ್ಕೊಂದು ಥರ ಅನ್ನುವುದು ಗೊತ್ತು, ಹಾಗಾಗಿ ಒಂದೇ ಅಂಕಿ ಬೇಡ. ಇಂಥ ತಾರೀಕಿಗೆ ಇಷ್ಟರಿಂದ ಇಷ್ಟು, ಬೀಜದ ರೇಟು ಏರಿದ್ದರಿಂದ ಪುಡಿ ಕೇಜಿಗೆ ಇಷ್ಟು ಏರಿದೆ ಅಂತ ಬರೆಯಿರಿ. ರೇಟು ಬದಲಾದಾಗ ಹಳೆಯದನ್ನು ಅಳಿಸಬೇಡಿ, ಕೆಳಗೆ ತಾರೀಕಿನ ಸಮೇತ ಹಾಗೇ ಬಿಡಿ. ಎರಡು ವರ್ಷ ಕಳೆದ ಮೇಲೆ, ಏರಿದಾಗ ಏರಿಸಿದ್ದೀರಿ, ಇಳಿದಾಗ ಇಳಿಸಿಯೂ ಇದ್ದೀರಿ ಅಂತ ಆ ಪಟ್ಟಿ ನೋಡಿದವರಿಗೆ ನೀವು ಬೇರೇನೂ ಹೇಳಬೇಕಾಗಲ್ಲ. ಇಳಿದಾಗ ಇಳಿಸುವವರಿಗೆ ಮಾತ್ರ ಈ ಸಲಹೆ.